ಡೀಸೆಲ್ ಪಿಕಪ್ಪೋ, ಪೆಟ್ರೋಲ್ ಪಿಕಪ್ಪೋ: ಹತ್ತು ಸಾವಿರ ಡಾಲರಿನ ಲೆಕ್ಕ

ಅಮೆರಿಕದಲ್ಲಿ ದೊಡ್ಡ ಪಿಕಪ್ ಕೊಳ್ಳಲು ಹೊರಟವರ ಮುಂದೆ ಶೋರೂಮಿನವರು ಇಡುವ ಮೊದಲ ಪ್ರಶ್ನೆ ಎಂಜಿನ್ನಿನದು. ಫೋರ್ಡ್ ಎಫ್-250, ಷೆವ್ರೊಲೆ ಸಿಲ್ವರಾಡೊ 2500, ರ‍್ಯಾಮ್ 2500, ಇವುಗಳ ಮೇಲಿನ 350 ಮತ್ತು 3500 ಸಾಲು, ಎಲ್ಲದರಲ್ಲೂ ಎಂಟು ಸಿಲಿಂಡರಿನ ಪೆಟ್ರೋಲ್ ವಿ8 ಎಂಜಿನ್ ಮಾಮೂಲಾಗಿ ಬರುತ್ತದೆ. ಡೀಸೆಲ್ ಬೇಕೆಂದರೆ ಹೆಚ್ಚುಕಡಿಮೆ 10,000 ಡಾಲರ್ ಹೆಚ್ಚುವರಿ ಕೊಡಬೇಕು. ಅಲ್ಲಿನ ಬಂಕುಗಳಲ್ಲಿ ‘ಗ್ಯಾಸ್’ ಎಂದರೆ ಪೆಟ್ರೋಲ್ ಎಂದೇ ಅರ್ಥ; ಈ ಬರಹದಲ್ಲೂ ಪೆಟ್ರೋಲ್ ಎಂದೇ ಕರೆಯುತ್ತೇವೆ.

ಡೀಸೆಲ್ ಕೊಳ್ಳುವವರು ಸಾಮಾನ್ಯವಾಗಿ ಕೊಡುವ ಸಮರ್ಥನೆ ಒಂದೇ: ಮೈಲೇಜು ಜಾಸ್ತಿ, ಕೊಟ್ಟ ದುಡ್ಡು ಇಂಧನದಲ್ಲೇ ವಾಪಸ್ ಬರುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ದುಡ್ಡು ವಾಪಸ್ ಬರುವುದಾದರೆ ಬಹುಪಾಲು ಗಾಡಿ ಮಾರುವ ದಿನ ಬರುತ್ತದೆ. ಇಂಧನದಲ್ಲಿ ಬರುವುದು ಟ್ರೇಲರ್ ಕಟ್ಟಿ ಓಡಿಸಿದ ಮೈಲಿಗಳಿಂದ ಮಾತ್ರ. ಖಾಲಿ ಓಡಿಸಿದ ಮೈಲಿಗಳನ್ನು ಈ ಲೆಕ್ಕದಲ್ಲಿ ಬಿಟ್ಟುಬಿಟ್ಟರೂ ನಡೆಯುತ್ತದೆ.

ಹತ್ತು ಸಾವಿರ ನಿಜಕ್ಕೂ ಎಷ್ಟು

ಡೀಸೆಲ್‌ನ ಹೆಚ್ಚುವರಿ ಬೆಲೆಯ ಮೇಲೆ ಮಾರಾಟ ತೆರಿಗೆ ಬೀಳುತ್ತದೆ. ಶೇ 6ರ ತೆರಿಗೆ ಇರುವ ಕಡೆ 10,000 ಹೋಗಿ 10,600 ಆಯಿತು. ಅದನ್ನು ಶೇ 7ರ ಬಡ್ಡಿಗೆ 72 ತಿಂಗಳ ಸಾಲದಲ್ಲಿ ಸೇರಿಸಿದರೆ ತಿಂಗಳ ಕಂತು ಸುಮಾರು 181 ಡಾಲರ್ ಏರುತ್ತದೆ, ಆರು ವರ್ಷಕ್ಕೆ ಒಟ್ಟು 13,000. ಕ್ಯಾಲಿಫೋರ್ನಿಯಾ, ವರ್ಜೀನಿಯಾದಂಥ ರಾಜ್ಯಗಳಲ್ಲಿ ಗಾಡಿಯ ಮೌಲ್ಯ ನೋಡಿ ವರ್ಷಾವರ್ಷ ಶುಲ್ಕವೋ ತೆರಿಗೆಯೋ ಕಟ್ಟಿಸಿಕೊಳ್ಳುತ್ತಾರೆ, ಅದರಲ್ಲೂ ಒಂದಿಷ್ಟು ಸೇರುತ್ತದೆ. ವಿಮೆಯಲ್ಲಿ ವ್ಯತ್ಯಾಸ ಸಣ್ಣದು, ಆದರೆ ಗಾಡಿಯ ಬೆಲೆ ಏರಿದ ಮೇಲೆ ಅದೂ ಏರುವುದೇ.

ಮುಂದಿನ ಲೆಕ್ಕಗಳಿಗೆ ಸರಳವಾಗಲೆಂದು 10,000 ಡಾಲರನ್ನೇ ಹಿಡಿದಿದ್ದೇವೆ. ಸಾಲ ಮಾಡಿ ಕೊಳ್ಳುವವರು ಆ ಜಾಗದಲ್ಲಿ ತಮ್ಮ ನಿಜವಾದ ಮೊತ್ತ ಹಾಕಿಕೊಳ್ಳಬೇಕು. ಆಗ ಚಿತ್ರ ಡೀಸೆಲ್‌ಗೆ ಇನ್ನಷ್ಟು ಕಷ್ಟದ್ದಾಗುತ್ತದೆ.

ಇಂಧನದ ಲೆಕ್ಕ

ಒಂದು ಗ್ಯಾಲನ್ ಅಂದರೆ 3.785 ಲೀಟರ್. ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಸುಮಾರು 1,37,000 ಬಿಟಿಯು ಶಕ್ತಿ ಇರುತ್ತದೆ; ಶೇ 10 ಎಥನಾಲ್ ಬೆರೆತ ಮಾಮೂಲಿ ಪೆಟ್ರೋಲ್‌ನಲ್ಲಿ ಸುಮಾರು 1,20,000. ಅಂದರೆ ಎಂಜಿನ್ ಏನೂ ಜಾಣತನ ತೋರಿಸದಿದ್ದರೂ ಶೇ 14ರಷ್ಟು ಮುನ್ನಡೆ ಡೀಸೆಲ್‌ಗೆ ಹುಟ್ಟಿನಿಂದಲೇ ಬಂದದ್ದು. ಉಳಿದದ್ದು ಹೆಚ್ಚಿನ ಸಂಕೋಚನ ಅನುಪಾತದಿಂದ ಮತ್ತು ಗಾಳಿಯನ್ನು ಥ್ರಾಟಲ್‌ನಲ್ಲಿ ಹಿಸುಕದೆ ಒಳಗೆ ಬಿಡುವುದರಿಂದ ಸಿಗುತ್ತದೆ.

ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್‌ಗಳಿಗೆ ಸರ್ಕಾರಿ ಮೈಲೇಜು ಚೀಟಿ ಅಂಟಿಸಬೇಕಿಲ್ಲ. ಹಾಗಾಗಿ ಶೋರೂಮಿನಲ್ಲಿ ಅಧಿಕೃತ ಅಂಕಿ ಕೈಗೆ ಸಿಗುವುದಿಲ್ಲ. ಉದಾಹರಣೆಗಾಗಿ ಹೀಗೆ ಹಿಡಿಯೋಣ: ಖಾಲಿ ಗಾಡಿಗೆ ಪೆಟ್ರೋಲ್ ಎಂಜಿನ್ ಗ್ಯಾಲನ್‌ಗೆ 13 ಮೈಲಿ, ಡೀಸೆಲ್ 17. ಭಾರೀ ಟ್ರೇಲರ್ ಕಟ್ಟಿದಾಗ ಪೆಟ್ರೋಲ್ 8, ಡೀಸೆಲ್ 11. ದರ ಪೆಟ್ರೋಲ್‌ಗೆ 3.20, ಡೀಸೆಲ್‌ಗೆ 3.80 ಡಾಲರ್ ಇರಲಿ. ಡೀಸೆಲ್ ದುಬಾರಿಯಾಗಿರುವುದಕ್ಕೆ ಒಂದು ಸಣ್ಣ ಕಾರಣ ಕೇಂದ್ರ ತೆರಿಗೆ: ಗ್ಯಾಲನ್‌ಗೆ ಪೆಟ್ರೋಲ್‌ಗೆ 18.4 ಸೆಂಟ್, ಡೀಸೆಲ್‌ಗೆ 24.4.

ಖಾಲಿ ಓಡಿಸಿದಾಗ 100 ಮೈಲಿಗೆ ಪೆಟ್ರೋಲ್ ಖರ್ಚು 24.62 ಡಾಲರ್, ಡೀಸೆಲ್ ಖರ್ಚು 22.35. ಉಳಿತಾಯ 2.27.

ಟ್ರೇಲರ್ ಕಟ್ಟಿದಾಗ 100 ಮೈಲಿಗೆ ಪೆಟ್ರೋಲ್ 40.00, ಡೀಸೆಲ್ 34.55. ಉಳಿತಾಯ 5.45.

ಎಷ್ಟು ದೊಡ್ಡ ಮೈಲೇಜು ಅಂತರ, ಎಷ್ಟು ಸಣ್ಣ ಉಳಿತಾಯ! ಬಂಕಿನ ದರಪಟ್ಟಿ ಅರ್ಧಕ್ಕರ್ಧ ತಿಂದುಹಾಕಿದೆ. ಇದನ್ನು ನೆನಪಿಡಲು ಸುಲಭದ ಉಪಾಯ ಒಂದಿದೆ. ಎರಡೂ ಮೈಲೇಜುಗಳ ಅನುಪಾತ ತೆಗೆಯಿರಿ: 17 ಭಾಗಿಸು 13 ಅಂದರೆ 1.31. ಡೀಸೆಲ್ ದರ ಪೆಟ್ರೋಲ್ ದರದ 1.31 ಪಟ್ಟು ಮುಟ್ಟಿದ ದಿನ ಖಾಲಿ ಗಾಡಿಯಲ್ಲಿ ಇಂಧನದ ಉಳಿತಾಯ ಸೊನ್ನೆ. ಪೆಟ್ರೋಲ್ 3.20 ಇದ್ದರೆ ಡೀಸೆಲ್ 4.18ಕ್ಕೆ ಹೋದರೆ ಸಾಕು. ಟ್ರೇಲರ್ ಕಟ್ಟಿದಾಗ ಅನುಪಾತ 1.375, ಆಗ ಗಡಿ 4.40. ಎರಡರ ದರ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. 2022ರ ಜೂನ್‌ನಲ್ಲಿ ದೇಶದ ಸರಾಸರಿ ಪೆಟ್ರೋಲ್ ದರ 5 ಡಾಲರ್ ದಾಟಿದಾಗ ಡೀಸೆಲ್ 5.80 ದಾಟಿತ್ತು. ಸರಕು ಲಾರಿ, ರೈಲು, ಚಳಿಗಾಲದ ಮನೆ ಕಾಯಿಸುವ ಎಣ್ಣೆ, ಎಲ್ಲವೂ ಕಚ್ಚಾ ತೈಲದ ಒಂದೇ ಅಂಶಕ್ಕೆ ಕೈಚಾಚುವುದರಿಂದ ಡೀಸೆಲ್ ದರ ತನ್ನದೇ ದಾರಿ ಹಿಡಿಯುತ್ತದೆ.

ಬಂಕಿನಲ್ಲಿ ಕೆಂಪು ಬಣ್ಣದ ಡೀಸೆಲ್ ಅಗ್ಗಕ್ಕೆ ಕಂಡರೆ ಆಸೆಪಡಬೇಡಿ. ಅದು ಹೊಲದ ಯಂತ್ರಗಳಿಗೆಂದು ರಸ್ತೆ ತೆರಿಗೆ ಬಿಟ್ಟು ಮಾರುವುದು. ರಸ್ತೆಯ ಗಾಡಿಯ ಟ್ಯಾಂಕಿನಲ್ಲಿ ಸಿಕ್ಕಿಬಿದ್ದರೆ ಕೇಂದ್ರ ದಂಡ 1,000 ಡಾಲರ್ ಅಥವಾ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅದು. ಬಣ್ಣವೂ ಬೇಗ ಹೋಗುವುದಿಲ್ಲ.

ಡಿಇಎಫ್, ಆಯಿಲ್, ಫಿಲ್ಟರ್

2013ರಿಂದೀಚಿನ ಡೀಸೆಲ್ ಪಿಕಪ್‌ಗಳಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಡಿಇಎಫ್ ಎಂಬ ದ್ರವ ಬೇಕೇಬೇಕು. ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಸುಟ್ಟ ಡೀಸೆಲ್‌ನ ಶೇ 2ರಿಂದ 3ರಷ್ಟು ಖರ್ಚಾಗುತ್ತದೆ, ಹೊರೆ ಹೆಚ್ಚಿದರೆ ಅದೂ ಹೆಚ್ಚು. ಗ್ಯಾಲನ್‌ಗೆ 4 ಡಾಲರ್ ಎಂದು ಹಿಡಿದರೆ ಖಾಲಿ ಓಟದಲ್ಲಿ 100 ಮೈಲಿಗೆ 47 ಸೆಂಟ್, ಟ್ರೇಲರ್ ಜೊತೆ 1.09 ಡಾಲರ್. ಎರಡೂವರೆ ಗ್ಯಾಲನ್ ಡಬ್ಬಿಗಿಂತ ಲಾರಿಗಳು ನಿಲ್ಲುವ ದೊಡ್ಡ ಬಂಕಿನ ಪಂಪಿನಲ್ಲಿ ಅಗ್ಗ. ಡಬ್ಬಿಯನ್ನು ಬಿಸಿಲಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಇಟ್ಟರೆ ಯೂರಿಯಾ ಒಡೆದು ಹಾಳಾಗುತ್ತದೆ. ನೀಲಿ ಮುಚ್ಚಳದ ಬಾಯಿಗೆ ಮಾತ್ರ ಡಿಇಎಫ್. ಪಕ್ಕದ ಡೀಸೆಲ್ ಟ್ಯಾಂಕಿಗೆ ತಪ್ಪಿ ಸುರಿದರೆ ಗಾಡಿ ಸ್ಟಾರ್ಟ್ ಮಾಡದೆ ಎಳೆದೊಯ್ಯಿಸಿ. ಒಮ್ಮೆ ಎಂಜಿನ್ ತಿರುಗಿತೆಂದರೆ ಯೂರಿಯಾ ಪಂಪು, ಇಂಜೆಕ್ಟರುಗಳ ಒಳಗೆಲ್ಲ ಹರಳುಗಟ್ಟುತ್ತದೆ.

ಎಂಜಿನ್ ಆಯಿಲ್‌ನಲ್ಲಿ ಅಂತರ ಕಣ್ಣಿಗೆ ಹೊಡೆಯುವಂಥದ್ದು. ಫೋರ್ಡ್‌ನ 6.7 ಲೀಟರ್ ಡೀಸೆಲ್ ಎಂಜಿನ್ ಪವರ್ ಸ್ಟ್ರೋಕ್‌ಗೆ 13 ಕ್ವಾರ್ಟ್ (ಗ್ಯಾಲನ್ನಿನ ಕಾಲು ಭಾಗ ಒಂದು ಕ್ವಾರ್ಟ್), ರ‍್ಯಾಮ್‌ನ 6.7 ಕಮಿನ್ಸ್‌ಗೆ 12, ಷೆವ್ರೊಲೆಯ ಒಡೆಯ ಕಂಪನಿ ಜಿಎಂನ 6.6 ಡ್ಯುರಾಮ್ಯಾಕ್ಸ್‌ಗೆ 10. ಪೆಟ್ರೋಲ್ ಕಡೆ ಫೋರ್ಡ್ 7.3ಕ್ಕೆ 8, ಜಿಎಂ 6.6ಕ್ಕೆ 8, ರ‍್ಯಾಮ್ 6.4 ಹೆಮಿಗೆ 7. ಡೀಸೆಲ್‌ಗೆ ಹಾಕುವ ಆಯಿಲ್ ಸಿಕೆ-4 ದರ್ಜೆಯದಾಗಿರಬೇಕು. 7,500 ಮೈಲಿಗೊಮ್ಮೆ ಬದಲಿಸಿ, ಡೀಸೆಲ್‌ಗೆ 150 ಡಾಲರ್, ಪೆಟ್ರೋಲ್‌ಗೆ 85 ಎಂದುಕೊಂಡರೆ ಅಂತರ 100 ಮೈಲಿಗೆ 87 ಸೆಂಟ್. ಆಯಿಲ್ ನೀವೇ ಬದಲಿಸುವವರಾದರೆ ಈ ಅಂತರ ಇನ್ನೂ ಇಳಿಯುತ್ತದೆ.

ಇಂಧನ ಫಿಲ್ಟರ್ ಡೀಸೆಲ್‌ನಲ್ಲಿ ಮಾಡೆಲ್ ನೋಡಿಕೊಂಡು ಒಂದೋ ಎರಡೋ. 15,000ದಿಂದ 30,000 ಮೈಲಿಯೊಳಗೆ ಬದಲಾಗಲೇಬೇಕು. 25,000ಕ್ಕೊಮ್ಮೆ 120 ಡಾಲರ್ ಎಂದರೆ 100 ಮೈಲಿಗೆ 48 ಸೆಂಟ್. ಫಿಲ್ಟರಿನ ತಳದಲ್ಲಿ ನೀರು ಬಸಿಯುವ ಕೀಲಿ ಇರುತ್ತದೆ; ತಿಂಗಳಿಗೊಮ್ಮೆ ತೆರೆದು ನೀರು ಬಿಟ್ಟರೆ ಖರ್ಚು ಸೊನ್ನೆ, ಬಿಡದಿದ್ದರೆ ಆಗುವ ಖರ್ಚನ್ನು ಮುಂದೆ ಹೇಳುತ್ತೇವೆ. ಬ್ಯಾಟರಿ ಡೀಸೆಲ್‌ನಲ್ಲಿ ಎರಡು, ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಪೆಟ್ರೋಲ್ ಪಾಲಿಗೆ ಬರುವುದು ಸ್ಪಾರ್ಕ್ ಪ್ಲಗ್: ಸುಮಾರು ಲಕ್ಷ ಮೈಲಿಗೊಮ್ಮೆ. ಹೆಮಿಯಲ್ಲಿ ಒಂದು ಸಿಲಿಂಡರಿಗೆ ಎರಡರಂತೆ 16 ಪ್ಲಗ್ಗುಗಳಿವೆ ಎಂಬುದು ಬಿಲ್ ಕೈಗೆ ಬಂದಾಗ ಹಲವರಿಗೆ ಗೊತ್ತಾಗುವ ಸಂಗತಿ.

ಎಲ್ಲ ಕಳೆದ ಮೇಲೆ

ಇಂಧನದ ಉಳಿತಾಯದಿಂದ ಡಿಇಎಫ್, ಆಯಿಲ್, ಫಿಲ್ಟರ್ ಕಳೆದರೆ 100 ಮೈಲಿಗೆ ಕೈಯಲ್ಲಿ ಉಳಿಯುವುದು ಖಾಲಿ ಓಟದಲ್ಲಿ 45 ಸೆಂಟ್, ಟ್ರೇಲರ್ ಜೊತೆ 3.01 ಡಾಲರ್. 10,000 ಡಾಲರ್ ತುಂಬಿಬರಲು ಖಾಲಿ ಗಾಡಿ 22 ಲಕ್ಷ ಮೈಲಿ ಓಡಬೇಕು! ಬರೀ ಟ್ರೇಲರ್ ಎಳೆದೇ ಓಡಿದರೂ 3.3 ಲಕ್ಷ ಮೈಲಿ.

ದರಗಳು ಸಮವಾದರೆ ಆಟವೇ ಬೇರೆ. ಎರಡೂ 3.40 ಡಾಲರ್ ಇದ್ದರೆ ಟ್ರೇಲರ್ ಓಟದಲ್ಲಿ 100 ಮೈಲಿಗೆ 9.15 ಡಾಲರ್ ಉಳಿಯುತ್ತದೆ, ಹೆಚ್ಚುವರಿ ಬೆಲೆ 1.09 ಲಕ್ಷ ಮೈಲಿಯಲ್ಲಿ ತೀರುತ್ತದೆ. ಖಾಲಿ ಓಟದಲ್ಲಿ ಆಗಲೂ 2.3 ಲಕ್ಷ ಮೈಲಿ ಬೇಕು. ಆದ್ದರಿಂದ ‘ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ’ ಎಂಬ ಪ್ರಶ್ನೆಯೇ ತಪ್ಪು. ವರ್ಷಕ್ಕೆ ಎಷ್ಟು ಮೈಲಿ ಹಿಂದೆ ಏನನ್ನಾದರೂ ಎಳೆದುಕೊಂಡು ಓಡಿಸುತ್ತೀರಿ, ನಿಮ್ಮೂರಿನ ಬಂಕಿನಲ್ಲಿ ಎರಡೂ ದರಗಳ ಅಂತರ ಎಷ್ಟು, ಈ ಎರಡು ಅಂಕಿ ಸಾಕು.

ಇನ್ನು ಮರುಮಾರಾಟ. ಡೀಸೆಲ್‌ನ ಹೆಚ್ಚುವರಿ ಬೆಲೆ ಹಳೆಯ ಗಾಡಿಗಳ ಪೇಟೆಯಲ್ಲೂ ಪೂರ್ತಿ ಸಾಯುವುದಿಲ್ಲ. ಮೀಟರ್ ಲಕ್ಷ ಮೈಲಿ ದಾಟಿದ ಗಾಡಿಗಳಲ್ಲೂ ಕಾಣುತ್ತದೆ. ಮಾರುವಾಗ 5,000 ವಾಪಸ್ ಬಂತೆಂದರೆ ಇಂಧನದಿಂದ ತುಂಬಬೇಕಾದದ್ದು ಉಳಿದ 5,000 ಮಾತ್ರ. ಸಮ ದರದ ಟ್ರೇಲರ್ ಓಟದಲ್ಲಿ ಅದು ಸುಮಾರು 55,000 ಮೈಲಿಯ ಮಾತು. ಆ ಅಂಕಿಯನ್ನು ಯಾರ ಬಾಯಿಂದಲೂ ಕೇಳಬೇಡಿ. ಒಂದೇ ವರ್ಷದ, ಒಂದೇ ದರ್ಜೆಯ, ಹೆಚ್ಚುಕಡಿಮೆ ಒಂದೇ ಮೈಲಿ ಓಡಿದ ಡೀಸೆಲ್ ಮತ್ತು ಪೆಟ್ರೋಲ್ ಗಾಡಿಗಳ ಜಾಹೀರಾತುಗಳನ್ನು ಒಂದೇ ದಿನ ಹುಡುಕಿ ಹತ್ತು ಜೋಡಿ ಬರೆದಿಡಿ. ಐದು ವರ್ಷ ಹಳೆಯವು ಒಂದು ಪಟ್ಟಿ, ಹತ್ತು ವರ್ಷ ಹಳೆಯವು ಇನ್ನೊಂದು. ಅರ್ಧ ಗಂಟೆಯ ಕೆಲಸ.

ಕೆಟ್ಟು ನಿಂತರೆ

ಮೇಲಿನ ಲೆಕ್ಕದಲ್ಲಿ ದುರಸ್ತಿ ಇಲ್ಲ. ಇರುವುದು ಗೊತ್ತಾದ ಖರ್ಚು. ಡೀಸೆಲ್‌ನಲ್ಲಿ ನಿಜವಾದ ಅಪಾಯ ಗೊತ್ತಿಲ್ಲದ ಖರ್ಚಿನದು. ಅದು ಅಪರೂಪಕ್ಕೆ ಬರುತ್ತದೆ, ಬಂದಾಗ ನಾಲ್ಕಂಕಿಯಲ್ಲಿ, ಕೆಲವೊಮ್ಮೆ ಐದಂಕಿಯಲ್ಲಿ ಬರುತ್ತದೆ.

ಅತ್ಯಂತ ಕುಖ್ಯಾತವಾದದ್ದು ಸಿಪಿ4 ಎಂಬ ಅಧಿಕ ಒತ್ತಡದ ಇಂಧನ ಪಂಪು. 2011ರಿಂದ ಫೋರ್ಡ್ ಪವರ್ ಸ್ಟ್ರೋಕ್‌ನಲ್ಲಿ, 2011ರಿಂದ 2016ರವರೆಗಿನ ಡ್ಯುರಾಮ್ಯಾಕ್ಸ್‌ನಲ್ಲಿ, 2019 ಮತ್ತು 2020ರ ಕಮಿನ್ಸ್‌ನಲ್ಲಿ ಇದು ಬಂತು. ಈ ಪಂಪಿಗೆ ಜಾರಿಕೆ ಕೊಡುವುದು ಡೀಸೆಲೇ. ಅಮೆರಿಕದ ಮಾನದಂಡ ಡೀಸೆಲ್‌ನ ಸವೆತ ಪರೀಕ್ಷೆಯಲ್ಲಿ 520 ಮೈಕ್ರಾನ್ ಗುರುತನ್ನು ಒಪ್ಪುತ್ತದೆ, ಯುರೋಪಿನದು 460ಕ್ಕೆ ನಿಲ್ಲುತ್ತದೆ. ಅಂದರೆ ಅಮೆರಿಕದ ಡೀಸೆಲ್ ಒಣಗು, ಜಾರಿಕೆ ಕಡಿಮೆ. ಅದರ ಮೇಲೆ ನೀರೋ ಗಾಳಿಯೋ ಸೇರಿದರೆ ಪಂಪಿನೊಳಗಿನ ರೋಲರ್ ತಿರುಗುವ ಬದಲು ಕ್ಯಾಮ್ ಮೇಲೆ ಉಜ್ಜುತ್ತದೆ. ಕಬ್ಬಿಣದ ಪುಡಿ ಇಂಜೆಕ್ಟರುಗಳಿಗೂ ವಾಪಸ್ ಹರಿಯುವ ಕೊಳವೆಯಿಂದ ಟ್ಯಾಂಕಿಗೂ ಹಬ್ಬುತ್ತದೆ. ಆಗ ಪಂಪು ಬದಲಿಸಿದರೆ ಸಾಲದು: ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲ್ ಎಂಬ ಕೊಳವೆ, ಎಲ್ಲ ಇಂಜೆಕ್ಟರುಗಳು, ಕೊಳವೆಗಳು, ಟ್ಯಾಂಕ್ ತೊಳೆಯುವುದು, ಎಲ್ಲ ಸೇರಿ ಬಿಲ್ 10,000 ಡಾಲರಿನ ಸುತ್ತ ಬರುತ್ತದೆ. ಟ್ಯಾಂಕಿನಲ್ಲಿ ನೀರಿತ್ತು ಎಂದು ಕಂಡರೆ ವಾರಂಟಿಯೂ ಕೈಕೊಡಬಹುದು. ನೀರು ಬಸಿಯುವ ಕೀಲಿಯ ಮಾತು ಬಂದದ್ದು ಇದಕ್ಕೇ. ರ‍್ಯಾಮ್ 2021ರಲ್ಲಿ ಆ ಗಾಡಿಗಳನ್ನು ವಾಪಸ್ ಕರೆದು ಹಳೆಯ ಗಟ್ಟಿ ಸಿಪಿ3 ಪಂಪನ್ನೇ ಕೂರಿಸಿತು. ಜಿಎಂ 2017ರಿಂದ ಡೆನ್ಸೊ ಪಂಪಿಗೆ ಬದಲಾಯಿತು. ಫೋರ್ಡ್ ಇರುವವರು ಪಂಪ್ ಒಡೆದರೂ ಪುಡಿಯನ್ನು ಇಂಜೆಕ್ಟರುಗಳತ್ತ ಹೋಗದಂತೆ ತಿರುಗಿಸುವ ಕಿಟ್ ಹಾಕಿಸುವುದುಂಟು. ಅದು ಪಂಪನ್ನು ಉಳಿಸುವುದಿಲ್ಲ, ಉಳಿದದ್ದನ್ನು ಉಳಿಸುತ್ತದೆ.

ಎರಡನೆಯದು ಹೊಗೆ ಶುದ್ಧೀಕರಣದ ಗುಂಪು. 2007ರಿಂದ ಬಂದ ಡಿಪಿಎಫ್ ಎಂಬ ಮಸಿ ಫಿಲ್ಟರ್ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು ಅದನ್ನು ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷದ ಓಟ ಬೇಕು. ಮನೆಯಿಂದ ಮೂರು ಮೈಲಿ ಕಚೇರಿ, ಅಲ್ಲಿಂದ ಒಂದು ಮೈಲಿ ಅಂಗಡಿ ಎನ್ನುವ ಓಟದಲ್ಲಿ ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತದೆ. ಸಿಲಿಂಡರಿನೊಳಗೇ ತಡವಾಗಿ ಡೀಸೆಲ್ ಚಿಮ್ಮಿಸುವ ಎಂಜಿನ್ನುಗಳಲ್ಲಿ ಸುಡದ ಡೀಸೆಲ್ ಗೋಡೆಯಿಂದಿಳಿದು ಆಯಿಲ್‌ಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಇದೇ ಕಾರಣ; ಮೈಲಿ ತುಂಬದಿದ್ದರೂ ಆಯಿಲ್ ಬದಲಿಸಿ. ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಅದು ವರ್ಷಗಳಲ್ಲಿ ಫಿಲ್ಟರನ್ನು ತುಂಬುತ್ತದೆ. ಬಿಚ್ಚಿಸಿ ತೊಳೆಸಬಹುದು, ಕರಗಿಯೋ ಬಿರುಕು ಬಿಟ್ಟೋ ಹೋದರೆ ಹೊಸದು ಹಲವು ಸಾವಿರ. ಎಂಜಿನ್ನಿಗೆ ವಾಪಸ್ ಕಳಿಸುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರಿನಲ್ಲಿ ಬಿರುಕು, ನೈಟ್ರೋಜನ್ ಆಕ್ಸೈಡ್ ಸೆನ್ಸರ್, ಡಿಇಎಫ್ ಹೀಟರ್, ಇವು ಇದೇ ಕುಟುಂಬದ ಉಳಿದ ಸದಸ್ಯರು. ಸೆನ್ಸರ್ ಕೈಕೊಟ್ಟಾಗ ಗಾಡಿ ಮೈಲಿಗಳ ಎಣಿಕೆ ತೋರಿಸಿ ಕೊನೆಗೆ ತೆವಳುವ ವೇಗಕ್ಕೆ ಇಳಿಸುವ ವ್ಯವಸ್ಥೆ ಇದೆ; ಇದು ಏಕಾಏಕಿ ಆಗದಂತೆ ಸಾಫ್ಟ್‌ವೇರ್ ಸಡಿಲಿಸಿ ಎಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಂಸ್ಥೆ ತಯಾರಕರಿಗೆ ಮಾರ್ಗಸೂಚಿ ಕೊಟ್ಟಿತು. ಈ ಎಲ್ಲವನ್ನೂ ಕಿತ್ತೆಸೆದು ನೇರ ಪೈಪು ಹಾಕಿಸುವುದು ಕಾನೂನುಬಾಹಿರ, ಅದರ ಪರಿಣಾಮ ಹಳೆಯ ಗಾಡಿ ಕೊಳ್ಳುವಾಗ ಬರುತ್ತದೆ.

2007ರ ನಡುವಿನಿಂದ 2024ರವರೆಗಿನ 6.7 ಕಮಿನ್ಸ್‌ಗೆ ತನ್ನದೇ ಒಂದು ಕಾಯಿಲೆ ಉಂಟು: ಒಳಬರುವ ಗಾಳಿ ಕಾಯಿಸುವ ಗ್ರಿಡ್ ಹೀಟರಿನ ಬೋಲ್ಟು ಕಾದು ಸವೆದು ಮುರಿದು ಸಿಲಿಂಡರಿನೊಳಗೆ ಬೀಳಬಹುದು. ಬಿದ್ದರೆ ಎಂಜಿನ್ನೇ ಹೋಯಿತು. ಆ ಬೋಲ್ಟನ್ನು ತಪಾಸಣೆ ಮಾಡಿಸಿ ಬದಲಿಸುವುದು ಹೋಲಿಕೆಯಲ್ಲಿ ಪುಡಿಗಾಸಿನ ಕೆಲಸ.

ಪೆಟ್ರೋಲ್ ಎಂಜಿನ್ನುಗಳೇನು ಸಾಧುಗಳಲ್ಲ. ಹೆಮಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು ಮುರಿದು ತಣ್ಣನೆಯ ಎಂಜಿನ್ ಟಿಕ್ ಟಿಕ್ ಎನ್ನುವುದು, ಲಿಫ್ಟರ್ ಸವೆದು ಕ್ಯಾಮ್‌ಶಾಫ್ಟ್ ತಿನ್ನುವುದು ಗೊತ್ತಿರುವ ತೊಂದರೆಗಳು. ಹಗುರ ಪಿಕಪ್‌ಗಳ ಜಿಎಂ 6.2 ವಿ8 ಅನ್ನು ಬೇರಿಂಗ್ ದೋಷಕ್ಕಾಗಿ 2025ರಲ್ಲಿ ಸುಮಾರು 6 ಲಕ್ಷ ಗಾಡಿಗಳ ಲೆಕ್ಕದಲ್ಲಿ ವಾಪಸ್ ಕರೆಯಬೇಕಾಯಿತು. ಆದರೂ ಟರ್ಬೊ ಇಲ್ಲದ, ಸರಳ ಪೆಟ್ರೋಲ್ ವಿ8ನ ದುರಸ್ತಿ ಯಾವ ಬೀದಿಯ ಮೆಕ್ಯಾನಿಕ್ಕಿಗೂ ಒಲಿಯುತ್ತದೆ. ವಾರಂಟಿಯಲ್ಲಿ ಮಾತ್ರ ಡೀಸೆಲ್‌ಗೆ ಅನುಕೂಲ: 2025ರ ಮಾಡೆಲ್ ವರೆಗೆ ಮೂರೂ ಕಂಪನಿಗಳಲ್ಲಿ ಡೀಸೆಲ್ ಎಂಜಿನ್ನಿಗೆ 5 ವರ್ಷ ಅಥವಾ 1,00,000 ಮೈಲಿ ಕೊಡುತ್ತಿದ್ದರು, ಪೆಟ್ರೋಲ್‌ಗೆ ಮಾಮೂಲಿ 5 ವರ್ಷ ಅಥವಾ 60,000. ಲಕ್ಷ ಮೈಲಿ ಮುಟ್ಟುವ ಮುನ್ನ ಮಾರುವವರಿಗೆ ದೊಡ್ಡ ಬಿಲ್ಲಿನ ಭಯ ಕಡಿಮೆ. ಅದೇ ಗಾಡಿಯನ್ನು 1,10,000 ಮೈಲಿಗೆ ಕೊಂಡವರಿಗೆ ಆ ಭಯವೆಲ್ಲ ಬಳುವಳಿ.

ಶಕ್ತಿ ಹೆಚ್ಚು, ಹೊರೆ ಕಡಿಮೆ

ಇದು ಬಹಳ ಜನ ಎಡವುವ ಜಾಗ. ಡೀಸೆಲ್ ಎಂಜಿನ್ನೂ ಅದರ ಜೊತೆಗಾರ ಭಾಗಗಳೂ ಪೆಟ್ರೋಲ್‌ಗಿಂತ 600, 700 ಪೌಂಡ್ ಭಾರ. ಮುಕ್ಕಾಲು ಟನ್ ಎಂದು ಕರೆಯುವ 250, 2500 ಸಾಲಿನ ಪಿಕಪ್‌ನ ಒಟ್ಟು ತೂಕದ ಮಿತಿಯನ್ನು ಹಲವು ಸಲ 10,000 ಪೌಂಡಿಗೆ ಕಟ್ಟಿಹಾಕಿರುತ್ತಾರೆ. ಮಿತಿ ಅಲ್ಲೇ ನಿಂತು ಗಾಡಿ ಭಾರವಾದರೆ ಕಡಿಮೆಯಾಗುವುದು ನೀವು ಹೇರಬಹುದಾದ ಹೊರೆ. ಪೆಟ್ರೋಲ್ ಗಾಡಿಗೆ 3,200 ಪೌಂಡ್ ಹೊರೆ ಇದ್ದರೆ ಅದೇ ಗಾಡಿಯ ಡೀಸೆಲ್‌ಗೆ 2,500 ಉಳಿಯಬಹುದು.

ಈಗ 12,000 ಪೌಂಡಿನ ಫಿಫ್ತ್ ವೀಲ್ ಟ್ರೇಲರ್ ಕಟ್ಟಿ. ಅದರ ಭಾರದ ಐದನೇ ಒಂದು ಭಾಗ, 2,400 ಪೌಂಡ್, ಪಿನ್ ಮೂಲಕ ಪಿಕಪ್‌ನ ಬೆನ್ನ ಮೇಲೆ ಕೂರುತ್ತದೆ. ಅದನ್ನು ಕಟ್ಟುವ ಹಿಚ್ 150, ಒಳಗಿನ ಜನ ಸಾಮಾನು 500. ಒಟ್ಟು 3,050. ಪೆಟ್ರೋಲ್ ಗಾಡಿ ಕಷ್ಟಪಟ್ಟು ಗುಡ್ಡ ಹತ್ತಿದರೂ ಕಾನೂನಿನೊಳಗಿದೆ. ಸಲೀಸಾಗಿ ಹತ್ತುವ ಡೀಸೆಲ್ 550 ಪೌಂಡ್ ಮಿತಿ ಮೀರಿದೆ. ಪರಿಹಾರ ಒಂದು ಟನ್ನಿನ, ಅಂದರೆ 350, 3500 ಸಾಲಿನ ಪಿಕಪ್, ಅಂದರೆ ಇನ್ನಷ್ಟು ದುಡ್ಡು. ಜಾಹೀರಾತಿನ ‘ಎಳೆಯುವ ಸಾಮರ್ಥ್ಯ’ದ ಅಂಕಿಯನ್ನು ನಂಬಬೇಡಿ, ಚಾಲಕನ ಬಾಗಿಲ ಕಂಬದ ಹಳದಿ ಚೀಟಿಯಲ್ಲಿ ಆ ಒಂದು ಗಾಡಿಗೆಂದೇ ಬರೆದಿರುವ ಹೊರೆಯ ಅಂಕಿ ನೋಡಿ. ಕೊಂಡ ಮೇಲೆ ಲಾರಿ ನಿಲ್ದಾಣದ ತೂಕದ ಕಟ್ಟೆಯಲ್ಲಿ ಟ್ರೇಲರ್ ಸಮೇತ ಒಮ್ಮೆ ತೂಗಿಸಿ. ಮುಂದಿನ ಆಕ್ಸಲ್ ಮೇಲಿನ ಈ ಹೆಚ್ಚುವರಿ ಭಾರಕ್ಕೆ ಡೀಸೆಲ್‌ನ ಮುಂದಿನ ಟೈರು, ಬಾಲ್ ಜಾಯಿಂಟ್‌ಗಳೂ ಬೇಗ ಸವೆಯುತ್ತವೆ.

ಲೆಕ್ಕಕ್ಕೆ ಸಿಗದ ಕೆಲಸ

ಇಷ್ಟೆಲ್ಲ ಇದ್ದೂ ಡೀಸೆಲ್ ಯಾಕೆ ಬೇಕೆನಿಸುತ್ತದೆ ಎಂದರೆ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಫೋರ್ಡ್‌ನ ಪೆಟ್ರೋಲ್ 7.3 ಕೊಡುವುದು 485 ಪೌಂಡ್-ಅಡಿ, ಅವರದೇ ಡೀಸೆಲ್ 1,050, ಹೆಚ್ಚಿನ ದರ್ಜೆಯಲ್ಲಿ 1,200. ಜಿಎಂನಲ್ಲಿ 464ಕ್ಕೆ ಎದುರು 975. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ; ಅಲ್ಲಿ ಪೆಟ್ರೋಲ್ ಎಂಜಿನ್ನಿನ ಮೂರನೇ ಒಂದು ಭಾಗ ಗಾಳಿಗೆ ಹೋಗಿರುತ್ತದೆ, ಟರ್ಬೊ ಡೀಸೆಲ್‌ಗೆ ಅದರ ಅರಿವೇ ಅಷ್ಟಾಗಿ ಆಗುವುದಿಲ್ಲ. ಇಳಿಜಾರಿನಲ್ಲಿ ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ ಇಡೀ ಟ್ರೇಲರನ್ನು ತಡೆಹಿಡಿಯುತ್ತದೆ, ಬ್ರೇಕ್ ಪ್ಯಾಡ್ ಮುಟ್ಟಬೇಕಾಗುವುದೇ ಕಡಿಮೆ. ಪೆಟ್ರೋಲ್ ಗಾಡಿ ಅದೇ ಕೆಲಸವನ್ನು ಗೇರ್ ಇಳಿಸಿ, 4,500 ಸುತ್ತಿನಲ್ಲಿ ಅರಚುತ್ತ ಮಾಡುತ್ತದೆ. ಅದು ಕೇಳಲು ಹೆದರಿಕೆ ಹುಟ್ಟಿಸಿದರೂ ಎಂಜಿನ್ನಿಗೆ ಹಾನಿಯಿಲ್ಲ.

ಗುಡ್ಡಗಾಡಿನಲ್ಲಿ ತಿಂಗಳಿಗೆ ಹಲವು ಸಲ 12,000 ಪೌಂಡಿಗಿಂತ ಹೆಚ್ಚು ಎಳೆಯುವವರು ಡೀಸೆಲ್ ಕೊಳ್ಳಲಿ. ಲೆಕ್ಕ ಕೈಹಿಡಿಯದಿದ್ದರೂ ಬೆನ್ನು, ನರ ಎರಡೂ ಉಳಿಯುತ್ತವೆ. ಸಮತಟ್ಟು ನೆಲದಲ್ಲಿ ವರ್ಷಕ್ಕೆ ಆರು ಸಲ ದೋಣಿ ಎಳೆಯುವವರಿಗೆ ಪೆಟ್ರೋಲೇ ಸರಿ. ಕಟ್ಟಡ ಕೆಲಸದ ಸಾಮಾನು ಹೇರಿಕೊಂಡು ಊರೊಳಗೆ ನಿಲ್ಲುತ್ತ ಓಡುತ್ತ ಇರುವವರು ಡೀಸೆಲ್‌ನ ಹತ್ತಿರ ಹೋಗದಿರುವುದೇ ಒಳ್ಳೆಯದು. ಮಸಿ ಫಿಲ್ಟರಿಗೆ ಅದಕ್ಕಿಂತ ಕೆಟ್ಟ ಬದುಕು ಇಲ್ಲ.

ಚಳಿ ಪ್ರದೇಶದವರಿಗೆ ಒಂದೆರಡು ಮಾತು. ಮಾಮೂಲಿ ಎರಡನೇ ನಂಬರ್ ಡೀಸೆಲ್‌ನಲ್ಲಿ ಚಳಿಗೆ ಮೇಣ ಬೇರ್ಪಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಉತ್ತರದ ರಾಜ್ಯಗಳ ಬಂಕಿನವರು ಚಳಿಗಾಲದಲ್ಲಿ ಒಂದನೇ ನಂಬರ್ ಬೆರೆಸಿ ಮಾರುತ್ತಾರೆ, ಆದರೆ ದಕ್ಷಿಣದಲ್ಲಿ ಟ್ಯಾಂಕ್ ತುಂಬಿಸಿ ಉತ್ತರಕ್ಕೆ ಹೋದವರು ಬೆಳಿಗ್ಗೆ ಸಿಕ್ಕಿಬೀಳುತ್ತಾರೆ. ಮೇಣಗಟ್ಟದಂತೆ ತಡೆಯುವ ದ್ರವವನ್ನು ಚಳಿ ಬರುವ ಮೊದಲು ಹಾಕಬೇಕು. ಕಟ್ಟಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಡಿಇಎಫ್ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಗಡ್ಡೆಕಟ್ಟುತ್ತದೆ, ಆದರೆ ಟ್ಯಾಂಕಿನ ಹೀಟರ್ ಅದನ್ನು ಕರಗಿಸುವವರೆಗೂ ಗಾಡಿ ಓಡುತ್ತದೆ, ಗಾಬರಿ ಬೇಡ.

ಸಣ್ಣ ಡೀಸೆಲ್

ಅರ್ಧ ಟನ್ನಿನ ಹಗುರ ಪಿಕಪ್‌ಗಳಲ್ಲಿ ಲೆಕ್ಕ ಬೇರೆ. ಫೋರ್ಡ್ 2021ರಲ್ಲಿ, ರ‍್ಯಾಮ್ 2023ರ ಆರಂಭದಲ್ಲಿ ತಮ್ಮ 3 ಲೀಟರ್ ಡೀಸೆಲ್ ನಿಲ್ಲಿಸಿದವು. ಉಳಿದದ್ದು ಜಿಎಂನ ಆರು ಸಿಲಿಂಡರಿನ 3.0 ಡ್ಯುರಾಮ್ಯಾಕ್ಸ್. 2020ರ ಎರಡು ಚಕ್ರ ಚಾಲನೆಯ ಸಿಲ್ವರಾಡೊಗೆ ಸರ್ಕಾರಿ ಅಂಕಿ ಊರೊಳಗೆ 23, ಹೆದ್ದಾರಿಯಲ್ಲಿ 33. ಇಲ್ಲಿ ಹೆಚ್ಚುವರಿ ಬೆಲೆ ಹತ್ತು ಸಾವಿರದ ಹತ್ತಿರವೂ ಇಲ್ಲ, ಹಾಗಾಗಿ ಹೆದ್ದಾರಿಯಲ್ಲಿ ಖಾಲಿ ಓಡಿಸುವವರಿಗೂ ಲೆಕ್ಕ ಕೂಡಿಬರಬಹುದು. ಒಂದು ಮುಳ್ಳು ಇದೆ: ಆಯಿಲ್ ಪಂಪನ್ನು ತಿರುಗಿಸುವ ಬೆಲ್ಟನ್ನು ಎಂಜಿನ್ನಿನ ಹಿಂಭಾಗದಲ್ಲಿ ಕೂರಿಸಿದ್ದಾರೆ. ಮೊದಲ ಆವೃತ್ತಿಯಲ್ಲಿ ಅದನ್ನು 1,50,000 ಮೈಲಿಗೆ ಬದಲಿಸಬೇಕು, ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಹಳೆಯದನ್ನು ಕೊಳ್ಳುವವರು 1,40,000 ಮೈಲಿಯ ಗಾಡಿಗೆ ಬೆಲೆ ಕಟ್ಟುವಾಗ ಆ ಕೂಲಿಯನ್ನು ಕಳೆದೇ ಮಾತಾಡಬೇಕು.

ಹಳೆಯ ಡೀಸೆಲ್ ಕೊಳ್ಳುವಾಗ

ಮೊದಲು ಗಾಡಿಯ ಕೆಳಗೆ ತಲೆ ಹಾಕಿ. ಡಿಪಿಎಫ್ ಡಬ್ಬಿ, ಅದರ ಸೆನ್ಸರ್ ವೈರುಗಳು, ಡಿಇಎಫ್ ಟ್ಯಾಂಕ್ ಇವೆಯೇ? ಬರೀ ನೇರ ಪೈಪು ಕಂಡರೆ, ಅಥವಾ ಡಿಇಎಫ್ ಮುಚ್ಚಳ ತೆಗೆದರೆ ಒಣಗಿದ್ದರೆ, ಯಾರೋ ಎಲ್ಲ ಕಿತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1998ರಿಂದೀಚಿನ ಡೀಸೆಲ್ ಪಿಕಪ್‌ಗಳಿಗೂ ಹೊಗೆ ತಪಾಸಣೆ ಇದೆ, ಅಂಥ ಗಾಡಿ ಪಾಸಾಗದು. ಎಲ್ಲವನ್ನೂ ವಾಪಸ್ ಹಾಕಿಸಲು ಹಲವು ಸಾವಿರ ಡಾಲರ್ ಬೇಕು.

ಗಾಡಿ ನೋಡಲು ಹೋಗುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿನ ತೊಂದರೆ ಮುಚ್ಚಿಡುತ್ತಿರಬಹುದು. ಕೂಲಂಟ್ ಡಬ್ಬಿಯ ಮಟ್ಟ ಕಡಿಮೆಯಿದ್ದು ಕೆಳಗೆ ಸೋರಿದ ಗುರುತಿಲ್ಲದಿದ್ದರೆ ಇಜಿಆರ್ ಕೂಲರ್ ಮೇಲೆ ಅನುಮಾನಪಡಿ. ಇಂಧನ ಫಿಲ್ಟರಿನ ಕೀಲಿಯಿಂದ ಸ್ವಲ್ಪ ಡೀಸೆಲ್ ಗಾಜಿನ ಸೀಸೆಗೆ ಬಸಿಯಲು ಒಪ್ಪಿಸಿ: ತಳದಲ್ಲಿ ನೀರು ನಿಂತರೆ ಎಚ್ಚರಿಕೆ, ಮಿನುಗುವ ಲೋಹದ ಪುಡಿ ಕಂಡರೆ ಮಾತುಕತೆಯೇ ಬೇಡ.

ಕೊನೆಗೆ ಗಂಟೆ ಮೀಟರ್. ಈ ಪಿಕಪ್‌ಗಳಲ್ಲಿ ಎಂಜಿನ್ ಎಷ್ಟು ಗಂಟೆ ತಿರುಗಿದೆ ಎಂಬುದು ಡ್ಯಾಶ್‌ಬೋರ್ಡಿನ ಮೆನುವಿನಲ್ಲಿ ಸಿಗುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿ. 90,000 ಮೈಲಿಗೆ 2,500 ಗಂಟೆ ಇದ್ದರೆ ಸರಾಸರಿ 36, ಹೆದ್ದಾರಿಯ ಗಾಡಿ. ಅದೇ 90,000 ಮೈಲಿಗೆ 6,000 ಗಂಟೆ ಇದ್ದರೆ ಸರಾಸರಿ 15. ಎಣ್ಣೆ ಬಾವಿಯ ಬಳಿಯೋ ಕಟ್ಟಡದ ಬಳಿಯೋ ನಿಂತಲ್ಲೇ ದಿನವಿಡೀ ಗುರುಗುಟ್ಟಿದೆ. ನಿಂತು ತಿರುಗಿದ ಒಂದು ಗಂಟೆ 25 ಮೈಲಿಗೆ ಸಮ ಎಂಬುದು ಫೋರ್ಡ್ ಆಯಿಲ್ ಬದಲಾವಣೆಗೆ ಬಳಸುವ ಅಳತೆ. ಆ 6,000ದಲ್ಲಿ 3,500 ಗಂಟೆ ನಿಂತದ್ದೇ ಆದರೆ ಮೀಟರಿನ 90,000ಕ್ಕೆ ಇನ್ನೂ 87,500 ಸೇರಿಸಿ, 1,77,500 ಮೈಲಿಯ ಗಾಡಿಗೆ ಕೊಡುವ ಬೆಲೆಯಿಂದ ಚೌಕಾಸಿ ಶುರುಮಾಡಿ.